ಖಾಲಿ ತೊಟ್ಟಿಲ ಉಸಿರು

ಚಿತ್ಕಲಾ ಉಗುರಿನಷ್ಟಗಲದ ಚಿಪ್ ಒಂದನ್ನು ಆಸ್ಪತ್ರೆಯ ಹೊಸ ಯಂತ್ರಕ್ಕೆ ಸಿಕ್ಕಿಸಿದಳು. ಪರದೆಯ ಮೇಲೆ ಬಟ್ಟೆಯ ಗಂಟಿನ ಚಿತ್ರವೊಂದು ಬಿಚ್ಚಿಕೊಂಡು ಮರೆಯಾಯಿತು. ಅಷ್ಟೇ. ಉಸಿರಿಗೆ ಕಿವಿಗೊಟ್ಟು, ಅದು ನಿಂತರೆ ಗಂಟೆ ಹೊಡೆಯುವ 'ತೊಟ್ಟಿಲಗಿವಿ' ಪ್ರೋಗ್ರಾಂ ಕೆಲಸಕ್ಕಿಳಿಯಿತು. ವಾರ್ಡಿನ ಎಳೆಗೂಸುಗಳ ಉಸಿರು ಒಂದೊಂದು ಹಸಿರು ಅಲೆಯಾಗಿ ಏರಿಳಿಯತೊಡಗಿತು.

"ಯಂತ್ರ ಬದಲಿ ಮಾಡಿದ್ರ ಆ ಖಾಲಿ ತೊಟ್ಲಿನ ಕಾಟ ಹೋಗ್ತದಂತೀರಿ?" ನರ್ಸ್ ಮಹಾನಂದಾ ಕೈಕಟ್ಟಿ ನಿಂತಿದ್ದರು.

"ನೋಡೋಣ ಸಿಸ್ಟರ್. ಇದರ ಕಾರ್ಯಾಚರಣ ವ್ಯವಸ್ಥೆನೇ ಬೇರೆ."

ಆ ಹೊತ್ತಿಗೆ ಒಂದೊಂದು ಜಿಲ್ಲೆಯೂ ತನ್ನದೇ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟಿಕೊಂಡಿತ್ತು. ಎಲ್ಲವೂ ಮುಕ್ತ ತಂತ್ರಾಂಶಗಳೇ. ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದು. ಆದರೆ ಒಂದರಲ್ಲಿ ಬೆಳೆದ ಪ್ರೋಗ್ರಾಂ ಇನ್ನೊಂದಕ್ಕೆ ಹೋದರೆ, ನನಗೆ ಬೇಕಾದ ಕಡತ ಇಲ್ಲಿಲ್ಲ, ಇದ್ದರೂ ಇದು ಹಳೆಯದು ಎಂದು ರಚ್ಚೆ ಹಿಡಿಯುತ್ತಿತ್ತು. ಆ ರಗಳೆಯನ್ನು ಮುಗಿಸಿದ್ದು ಚಿತ್ಕಲಾಳ ತಾಯಿ ಮಂದಾಕಿನಿ ಕಂಡುಹಿಡಿದ 'ಬುತ್ತಿ'. ನಿನಗೇನು ಬೇಕು ಎಂದು ಅದು ಪ್ರೋಗ್ರಾಮನ್ನು ಕೇಳುತ್ತಿರಲಿಲ್ಲ. ಹುಟ್ಟಿದ ಯಂತ್ರದಲ್ಲೇ ಅದನ್ನು ಓಡಲು ಬಿಟ್ಟು, ಸುಮ್ಮನೆ ಕಾಯುತ್ತ ಕೂರುತ್ತಿತ್ತು. ಪ್ರೋಗ್ರಾಂ ಯಾವುದಕ್ಕೆಲ್ಲ ಆತುಕೊಂಡಿತೋ ಅದನ್ನೆಲ್ಲ ಬಾಚಿ ಕಟ್ಟಿಕೊಡುತ್ತಿತ್ತು. ಆಮೇಲೆ ಎಲ್ಲಿ ಬಿಚ್ಚಿದರೂ ಪ್ರೋಗ್ರಾಮಿಗೆ ತಾನಿನ್ನೂ ತವರಿನಲ್ಲೇ ಇದ್ದಂತೆ. ಆ ಬುತ್ತಿಯಲ್ಲಿ ಮೊದಲು ಕಟ್ಟಿದ್ದೇ ಮಂದಾಕಿನಿಯೇ ಬರೆದ ತೊಟ್ಟಿಲಗಿವಿಯನ್ನು.

"ಬಂತು ನೋಡ್ರಿ," ಎಂದರು ಮಹಾನಂದಾ.

ಮೂಲೆಯ ಖಾಲಿ ತೊಟ್ಟಿಲಿನ ಗೆರೆ ಮೆಲ್ಲಗೆ ಎದ್ದಿತು. ಎರಡು ಉಸಿರು, ಒಂದು ಸಣ್ಣ ತಡೆ. ಮತ್ತೆ ಎರಡು ಉಸಿರು.

ಚಿತ್ಕಲಾ ತೊಟ್ಟಿಲೊಳಗೆ ಕೈಯಾಡಿಸಿದಳು. ಮಡಿಸಿಟ್ಟ ಹಾಸು ತಣ್ಣಗಿತ್ತು.

"ಖಾಲಿ ತೊಟ್ಲು ಉಸಿರಾಡಿದ್ರ ನಂಗೇನ್ ಅಂಜಿಕಿಲ್ರಿ. ಮೊನ್ನೆ ಆ ಕಿಟಕಿ ಕಡೆ ಕೂಸು ನೀಲಿಗಟ್ಟಿತ್ತು. ಇದು ಗಂಟಿ ಹೊಡೀಲಿಲ್ಲ. ಇದೇ ಗೆರೀ ಹಾಕ್ಕೊಂತ ಆರಾಮ ಕೂತಿತ್ತು. ನಾ ಪುಣ್ಯಕ್ಕ ಅಲ್ಲೇ ಇದ್ದೆ. ಎಲ್ಲಾ ಊರಾಗೂ ನಾ ಇರ್ತೀನೇನ್ರಿ?"

ಚಿತ್ಕಲಾ ಕುರ್ಚಿಯೊಂದನ್ನು ಯಂತ್ರದ ಮುಂದಕ್ಕೆ ಎಳೆದುಕೊಂಡಳು.

ಅಲ್ಲೇ ಕುಳಿತು ಬುತ್ತಿಯ ಒಳಪದರಗಳನ್ನು ಒಂದೊಂದಾಗಿ ತೆರೆದಳು. ಎಲ್ಲಕ್ಕಿಂತ ಅಡಿಯಲ್ಲಿ, ಇರಬಾರದ ಒಂದು ಧ್ವನಿಮುದ್ರಿಕೆ ಸಿಕ್ಕಿತು. ಉಸಿರು ಎಂದರೇನು ಎಂದು ತೊಟ್ಟಿಲಗಿವಿ ಮೊದಲು ಕಲಿತದ್ದು ಅದರಿಂದ. ಹಳೆಯ ಮೈಕುಗಳ ಗರಗರದಲ್ಲಿ ಅದು ಇಷ್ಟು ವರ್ಷ ಅಡಗಿತ್ತು. ಹೊಸ ಮೈಕುಗಳು ಪೂರ್ತಿ ನಿಶ್ಶಬ್ದವನ್ನು ಕೇಳಬಲ್ಲವು. ಆ ನಿಶ್ಶಬ್ದ ಸಿಕ್ಕೊಡನೆ ಪ್ರೋಗ್ರಾಂ ತನ್ನ ಮೊದಲ ನೆನಪಿನಿಂದ ಅದನ್ನು ತುಂಬಿಕೊಳ್ಳುತ್ತಿತ್ತು. ದಿನಾಂಕ ನೋಡಿದಳು. ಅವಳು ಹುಟ್ಟಿದ ವಾರ.

ಮನೆಗೆ ಬಂದಾಗ ಮಂದಾಕಿನಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಚಿತ್ಕಲಾ ಮುದ್ರಿಕೆಯನ್ನು ಹಚ್ಚಿದಳು. ಎರಡು ಉಸಿರು, ಒಂದು ತಡೆ. ತಾಯಿಯ ಬೆರಳು ಅಕ್ಕಿಯ ಮೇಲೆ ನಿಂತುಬಿಟ್ಟಿತು.

"ಇದನ್ನ ಅಳಿಸಿದ್ದೆ ನಾನು," ಎಂದರು. "ಆಕಿ ಹೋದ ಮ್ಯಾಲೆ ಎಲ್ಲಾ ಕಡೆಯಿಂದ ಅಳಿಸಿದ್ದೆ. ಕೇಳಲಿಕ್ಕೆ ಆಗ್ತಿದ್ದಿಲ್ಲ."

ತನ್ನ ಜೊತೆಗೆ ಇನ್ನೊಬ್ಬಳು ಹುಟ್ಟಿದ್ದಳೆಂದು ಚಿತ್ಕಲಾಳಿಗೆ ಗೊತ್ತಿತ್ತು. ಹೆಸರಿಡುವ ಮೊದಲೇ ಹೋದವಳು. ಮನೆಯಲ್ಲಿ ಯಾರೂ ಎತ್ತದ ಮಾತು ಅದು.

"ನೀ ಅಳಿಸೋದ್ರೊಳಗ ಬುತ್ತಿ ಕಟ್ಟಿಕೊಂಡಿತ್ತವ್ವಾ. ಪ್ರೋಗ್ರಾಂ ಅದಕ್ಕ ಆತುಕೊಂಡಿತ್ತಲ್ಲ."

"ಎಷ್ಟ್ ಊರಾಗ ಓಡ್ತದ ಇದು?"

"ಎಣಿಸಿಲ್ಲ."

"ಅಷ್ಟೂ ಊರಾಗ..." ಮಂದಾಕಿನಿ ಮೊರವನ್ನು ಕೆಳಗಿಟ್ಟರು.

"ತೆಗೀಬೇಕು. ಮೊನ್ನೆ ಒಂದು ಕೂಸು ಹೋಗೋದು, ನರ್ಸಮ್ಮನ ದೆಸೆಯಿಂದ ಉಳೀತು. ನೋಡಲಿಕ್ಕೆ ಯಾರಿಗೂ ಆಗ್ತದ, ಆದ್ರ ಬುತ್ತಿಯ ಅಡಿಯ ಗಂಟು ನೀ ಹೆಬ್ಬೆರಳು ಒತ್ತಿದ್ರ ಅಷ್ಟ ಬಿಚ್ಚೋದು." ಚಿತ್ಕಲಾ ತಡೆದು ಕೇಳಿದಳು, "ಅವ್ವಾ, ಇದು ಆಕಿದೋ, ನಂದೋ?"

"ಒಂದ ತೊಟ್ಲು, ಒಂದ ಕೌದಿ. ನಾ ಮೈಕ್ ಇಟ್ಟು ಅಡಿಗಿ ಮನಿಗೆ ಹೋಗಿದ್ದೆ." ಮಂದಾಕಿನಿ ಮಗಳ ಮುಖ ನೋಡಲಿಲ್ಲ. "ನಂಗೂ ಗೊತ್ತಿಲ್ಲ ಕೂಸ. ನಿಂದ ಅಂತ ತಿಳ್ಕೊಂಡು ಒತ್ತಲೇನು?"

"ಹಂಗ ತಿಳ್ಕೋ."

ಮಂದಾಕಿನಿ ಕೈಯನ್ನು ಸೆರಗಿಗೆ ಒರೆಸಿಕೊಂಡರು. ಇನ್ನೊಮ್ಮೆ ಕೇಳಿಸು ಎಂದರು. ಕೇಳಿಸಿದಳು. ಒತ್ತಿದರು. ಆಮೇಲೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸತೊಡಗಿದರು.

ಬಗೆಬಗೆಯ ಕೂಸುಗಳ ಉಸಿರನ್ನು ಮಾದರಿಯಾಗಿಟ್ಟು, ಚಿತ್ಕಲಾ ಬುತ್ತಿಯನ್ನು ಹೊಸದಾಗಿ ಕಟ್ಟಿದಳು. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ತಾಯಿ ಹೇಳುತ್ತಿದ್ದ ಅವರ ಹರೆಯದ ಕಾಲದ ಮಾತು ನೆನಪಿಗೆ ಬಂತು. ಆಗ ಜನ ಫೋನಿನಲ್ಲಿ ಒಂದು ಗುಂಡಿ ಒತ್ತಿ, ಯಾರೋ ಎಲ್ಲೋ ಕಟ್ಟಿದ ಪ್ರೋಗ್ರಾಮನ್ನು ಮನೆಯೊಳಗೆ ಇಳಿಸಿಕೊಳ್ಳುತ್ತಿದ್ದರಂತೆ. ಅದು ಓಡುತ್ತದೆಯೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದರಂತೆ. ಕಟ್ಟಿದವರ ಕೋಣೆಯಿಂದ ಇನ್ನೇನು ಜೊತೆಗೆ ಬಂತು ಎಂದು ಕೇಳುವ ರೂಢಿಯೇ ಇರಲಿಲ್ಲ.

ವಾರ್ಡಿನಲ್ಲಿ ಹೊಸ ಬುತ್ತಿ ಬಿಚ್ಚಿಕೊಂಡಿತು. ಅಂದು ಮಧ್ಯಾಹ್ನವೇ ಕಿಟಕಿಯ ಬಳಿ ಗಂಟೆ ಹೊಡೆಯಿತು. ಮಹಾನಂದಾ ಓಡಿ ಕೂಸಿನ ಅಂಗಾಲನ್ನು ಬೆರಳಿಂದ ಚಿಮ್ಮಿದರು. ಕೂಸು ಒಮ್ಮೆ ಬಿಕ್ಕಿ, ವಾರ್ಡೆಲ್ಲ ಎದ್ದು ಕೂರುವಂತೆ ಕಿರುಚಿತು.

"ಅಳವ್ವಾ ಅಳು, ನಿನ್ನ ದನಿಗೆ ಮ್ಯಾಗಿನ ಮಾಳಗಿ ಹಾರಲಿ!" ನರ್ಸಮ್ಮ ನಗುತ್ತಿದ್ದರು, ಕಣ್ಣುಗಳು ಒದ್ದೆಯಾಗಿದ್ದವು.

ಮೂಲೆಯ ತೊಟ್ಟಿಲಿನ ಗೆರೆ ಮಾತ್ರ ದಾರ ಎಳೆದಂತೆ ನೆಟ್ಟಗಿತ್ತು. ಚಿತ್ಕಲಾ ಅದರ ಬಳಿ ಹೋದಳು. ಬಾಗಿ, ತಣ್ಣಗಿನ ಹಾಸಿಗೆ ಮುಖ ಹತ್ತಿಸಿ, ಕಣ್ಣು ಮುಚ್ಚಿದಳು.

"ಅಯ್ಯ, ಮತ್ತ ಬಂತಲ್ರೀ ಮೇಡಂ!" ಮಹಾನಂದಾ ಪರದೆ ತೋರಿಸಿದರು. ಎರಡು ಉಸಿರು, ಒಂದು ಸಣ್ಣ ತಡೆ.

"ಇಲ್ಲ ಸಿಸ್ಟರ್," ಚಿತ್ಕಲಾ ತಲೆಯೆತ್ತಲಿಲ್ಲ. "ಇದು ನಾನು."