ತೋಳಿನ ಪಟ್ಟಿ

"ಏನಿದು, ಎರಡನೇ ಪಟ್ಟಿ ಹೊಲಿಸೋಕೆ ಬಂದ್ಯಾ? ಅಬ್ಬಾ, ಜಂಬ ನೋಡು ಇವನದು!"

ಪಲ್ಟನ್ನಿನ ಬಟ್ಟೆ ಒಗೆಯುವ ಡೆಲಿಯಾ ನನ್ನ ಕೈಯಿಂದ ಕೋಟು ಕಿತ್ತುಕೊಂಡಳು. ಮೊಣಕೈವರೆಗೂ ಸೋಪಿನ ನೊರೆ. ಕೆನ್ನೆಗೆ ಅಂಟಿದ್ದ ಕೂದಲನ್ನು ತೋಳಿನಿಂದಲೇ ಸರಿಸುತ್ತ ಅವಳು ಓರೆಗಣ್ಣಲ್ಲಿ ನೋಡಿದಳು.

ನಮ್ಮ ರಾಣಿಯ ಪಲ್ಟನ್ನು ಕಡಲು ದಾಟಿ ಬಂದು ವೈಕಾಟೊ ನದಿಯ ದಂಡೆಯಲ್ಲಿ, ಇಲ್ಲಿನ ಮೂಲನಿವಾಸಿ ಮಾವೊರಿಗಳ ಮೇಲೆ ಯುದ್ಧಕ್ಕೆಂದು ಬೀಡುಬಿಟ್ಟು ಐದು ತಿಂಗಳು. ಅವಳ ಗಂಡ ಟಿಗ್, ನನ್ನ ಗುಡಾರದ ಜೊತೆಗಾರ, ಭೇದಿಯಾಗಿ ಸತ್ತು ಮೂರು ತಿಂಗಳಾಗುತ್ತ ಬಂತು. ಸಿಪಾಯಿಯ ವಿಧವೆಗೆ ಮೂರೇ ತಿಂಗಳ ಪಡಿ. ಅಷ್ಟರೊಳಗೆ ಪಲ್ಟನ್ನಿನ ಒಬ್ಬನನ್ನು ಮದುವೆಯಾಗಬೇಕು. ಇಲ್ಲವೇ ಮಗುವನ್ನೆತ್ತಿಕೊಂಡು ಬೀಡು ಬಿಟ್ಟು ಹೊರಡಬೇಕು. ಶನಿವಾರಕ್ಕೆ ಗಡುವು. ಇವತ್ತು ಗುರುವಾರ.

ನನ್ನನ್ನು ಮದುವೆಯಾಗ್ತೀಯಾ ಎಂದು ಕೇಳಿದ್ದೆ. ಅವಳು ಒಪ್ಪಿದ್ದಳು. ಉಳಿದಿದ್ದು ಕರ್ನಲರ ಅಪ್ಪಣೆ. ತೋಳಿನ ಮೇಲೆ ಸನ್ನಡತೆಯ ಪಟ್ಟಿ ಇದ್ದವನಿಗಷ್ಟೇ ಅದು ಸಿಗುವುದು.

"ಹೊಲಿಯೋಕಲ್ಲ ಡೆಲಿಯಾ. ಬಿಚ್ಚೋಕೆ."

ನಗು ಅವಳ ಮುಖದ ಮೇಲೆ ಯಾರೋ ಮರೆತುಹೋದ ವಸ್ತುವಿನಂತೆ ಉಳಿಯಿತು.

"ಏನ್ ಮಾಡ್ದ್ಯೋ ಏಮಸ್, ಪಾಪಿ?"

"ಮೊನ್ನೆ ಮಾವೊರಿ ಹಳ್ಳಿ ಸುಡೋಕೆ ಕಳಿಸಿದ್ರು. ಜನ ಓಡಿಹೋಗಿದ್ರು. ನನ್ನ ಪಾಲಿನ ಮನೆ ಬೇಲಿ ಮೇಲೆ ಬಟ್ಟೆ ಹರವಿದ್ರು. ಹಿಂಡಿ, ಕೊಡವಿ, ಥೇಟ್ ನೀನು ಹಾಕೋ ಹಾಗೆ. ಇನ್ನೂ ನೀರು ತೊಟ್ಟಿಕ್ತಿತ್ತು. ಪಂಜನ್ನ ಕೆಸರಿಗೆ ಎಸೆದ್ಬಿಟ್ಟೆ."

"ಆಮೇಲೆ?"

"ಆಮೇಲೆ ಇನ್ನೊಬ್ಬ ಸುಟ್ಟ. ಅಪ್ಪಣೆ ಮೀರಿದ್ದಕ್ಕೆ ನನ್ನ ಪಟ್ಟಿ ಹೋಯ್ತು."

ಅವಳು ಕತ್ತರಿ ತಂದು ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು.

"ಓಡಿಹೋಗೋಣ," ಎಂದೆ.

"ಸಿಕ್ಕಿಬಿದ್ರೆ ನಿನ್ನ ಬೆನ್ನಿಗೆ ಐವತ್ತು ಛಡಿ ಏಟು. ಆಮೇಲೆ ನನ್ನ ಮಗು ಏನ್ ತಿನ್ಬೇಕು, ನಿನ್ನ ಬೆನ್ನನ್ನಾ?" ಅವಳು ತಲೆಯೆತ್ತಲಿಲ್ಲ. "ಸಾರ್ಜೆಂಟ್ ಕಟ್‌ಬುಷ್ ಎರಡು ಸಲ ಮದುವೆಗೆ ಕೇಳಿದಾನೆ. ಗೊರಕೆ ಹೊಡೀತಾನಂತೆ. ಕೆಟ್ಟವನೇನಲ್ಲ."

ನದಿಯಲ್ಲಿ ಫಿರಂಗಿ ದೋಣಿಯೊಂದು ಹೊಗೆಯುಗುಳುತ್ತ ದಾಟಿತು.

"ನಾನೇ ಸುಟ್ಟು ಬಂದಿದ್ರೆ? ನನ್ನ ಕೈ ಹಿಡೀತಿದ್ಯಾ?"

"ಹಿಡೀತಿದ್ದೆ ಕಣೋ. ಯಾವ ಬೇಲಿ ಮೇಲೆ ಏನಿತ್ತು ಅಂತ ನಂಗೆ ಯಾರು ಹೇಳ್ತಿದ್ರು?" ಕೋಟನ್ನು ನನ್ನ ಎದೆಗೊತ್ತಿದಳು. ಕೈಯನ್ನು ಅಲ್ಲೇ, ಸ್ವಲ್ಪ ಹೊತ್ತು, ಇಟ್ಟುಕೊಂಡಳು. "ಈಗ ನೀನೇ ಹೇಳ್ಬಿಟ್ಟೆ. ನಿನ್ನ ಬಿಟ್ಟು ಹೋಗೋದು ಇನ್ನೂ ಕಷ್ಟ ಮಾಡ್ಬಿಟ್ಟೆ."

ಅವಳು ಸಾರ್ಜೆಂಟನ ಗುಡಾರದತ್ತ ನಡೆದಳು. ಬಾಗಿಲ ಮುಂದೆ ನಿಂತು ಎರಡೂ ಕೈಗಳನ್ನು ಲಂಗಕ್ಕೆ ಚೆನ್ನಾಗಿ ಒರೆಸಿಕೊಂಡಳು. ಕೂಗುವ ಮೊದಲು ಒಮ್ಮೆ ತಿರುಗಿ ನೋಡಿದಳು.

ನಾನು ಬೇಡ ಅಂದಿದ್ದರೆ ಬಂದುಬಿಡುತ್ತಿದ್ದಳು. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೋಗು ಎಂದು ಕೈಬೀಸಿದೆ.