ಆಡಿಟ್‌ಗೆ ಬಂದ ಹುಡುಗ

"ಇಲ್ಲಿ ಯಾರಾದ್ರೂ ಕೂರ್ತಾರಾ?"

ಮಾರ್ಲಾ ತಲೆ ಎತ್ತಿದಳು. ಎದುರಿಗೆ ಇಸ್ತ್ರಿ ಅಂಗಿಯ ಎತ್ತರದ ಹುಡುಗನೊಬ್ಬ, ಅರ್ಧ ಕಚ್ಚಿದ ಸೇಬು ಹಿಡಿದು ನಿಂತಿದ್ದ. ಅವನು ನಕ್ಕ ರೀತಿಗೆ ಅವಳ ಎದೆ ಒಮ್ಮೆ ಡವಗುಟ್ಟಿತು.

ಇಲ್ಲವೆಂದು ತಲೆಯಾಡಿಸಿ ಪಕ್ಕದ ಕುರ್ಚಿಯಿಂದ ತನ್ನ ಚೀಲ ಎತ್ತಿಕೊಂಡಳು.

ಅದು ಭೂವಿಜ್ಞಾನದ ಮೊದಲ ತರಗತಿ. ಕೆಂಟಕಿಯ ಸಣ್ಣ ಊರಿನಿಂದ ಒಹಾಯೊದ ಈ ಕಾಲೇಜಿಗೆ ಬಂದಿದ್ದ ಮಾರ್ಲಾ, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಇಲ್ಲಿನವರ ಮಾತು ಅವಳದೇ ಭಾಷೆ, ಆದರೂ ಅರ್ಧ ತಲೆಗೆ ಹೋಗುತ್ತಿರಲಿಲ್ಲ. ನಿನ್ನ ಮೇಜರ್ ಯಾವುದು ಎಂದು ರೂಮಿನ ಗೆಳತಿ ಕೇಳಿದಾಗ, ನಮ್ಮ ಮನೆಯಲ್ಲಿ ಯಾರೂ ಸೈನ್ಯದಲ್ಲಿಲ್ಲ ಎಂದುಬಿಟ್ಟಿದ್ದಳು. ಅವಳು ಕೇಳಿದ್ದು ಓದಿನ ಮುಖ್ಯ ವಿಷಯ ಯಾವುದೆಂದು! ಅವತ್ತಿನಿಂದ ಯಾರನ್ನೂ ಏನೂ ಕೇಳುವುದನ್ನೇ ಬಿಟ್ಟಿದ್ದಳು.

ಆದರೆ ಎಮೆಟ್ ಎಂದು ಹೆಸರು ಹೇಳಿಕೊಂಡ ಈ ಹುಡುಗನ ಜೊತೆ ಮಾತು ತಾನಾಗಿಯೇ ಬಂತು. ತರಗತಿಯಲ್ಲಿ ನೋಡಲೆಂದು ಕೈಯಿಂದ ಕೈಗೆ ದಾಟುತ್ತಿದ್ದ ಕಲ್ಲೊಂದನ್ನು ಕೊಡುವಾಗ ಇಬ್ಬರ ಬೆರಳೂ ತಾಗಿ, ಇಬ್ಬರೂ ಕಲ್ಲನ್ನೇ ನೋಡುತ್ತ ಕೂತರು.

ಪರೀಕ್ಷೆ ಎಂದರೆ ನಿನಗೂ ಭಯವೇ ಎಂದು ಅವಳು ಮೆಲ್ಲಗೆ ಕೇಳಿದಳು.

"ನನಗೆ ಪರೀಕ್ಷೆ ಇಲ್ಲ. ನಾನು ಆಡಿಟ್ ಮಾಡ್ತಿರೋದು."

ಮಾರ್ಲಾ ತನ್ನ ನೋಟ್‌ಬುಕ್ ಮುಚ್ಚಿದಳು.

ಆಡಿಟ್... ಅಮ್ಮನ ಹೋಟೆಲಿಗೂ ಒಬ್ಬ ಬಂದಿದ್ದ, ತೆರಿಗೆ ಇಲಾಖೆಯವನು. ಹೀಗೇ ಸಿಹಿಯಾಗಿ ನಗುತ್ತ ಮೂಲೆಯಲ್ಲಿ ಕೂತು, ಎಲ್ಲರನ್ನೂ ನೋಡಿ ಬರೆದುಕೊಂಡು ಹೋಗಿದ್ದ. ಅಮ್ಮ ಆಮೇಲೆ ಎಷ್ಟೋ ದಿನ ನಿದ್ದೆ ಮಾಡಿರಲಿಲ್ಲ.

ಹಾಗಾದರೆ ಇವನು ಬಂದಿರುವುದು ಇಲ್ಲಿಗೆ ಯಾರು ಲಾಯಕ್ಕು, ಯಾರು ಅಲ್ಲ ಎಂದು ನೋಡಲು!

ಮರುದಿನದಿಂದ ಅವಳು ಕೊನೆಯ ಸಾಲಿನಲ್ಲಿ ಕೂತಳು. ಅವನು ಮಾತಾಡಿಸಿದರೆ ‘ಹೌದು ಸರ್’, ‘ಇಲ್ಲ ಸರ್’. ಅವನು ತಮಾಷೆಯೆಂದುಕೊಂಡು ನಕ್ಕ, ಆಮೇಲೆ ನಗುವುದನ್ನು ಬಿಟ್ಟ. ಪರೀಕ್ಷೆಯ ದಿನ ಎಲ್ಲರೂ ಬೆವರುತ್ತಿದ್ದರೆ, ಅವನು ಪಾಠ ಮಾಡುವ ಪ್ರೊಫೆಸರ್ ಹಾಲ್ಡೇನ್ ಅವರ ಜೊತೆ ನಗುತ್ತ ಮಾತಾಡಿ ಹೊರಗೆ ಹೋದ. ಇವನು ತಪಾಸಣೆಗೆ ಬಂದವನೇ ಎಂದು ಅವಳಿಗೆ ಖಚಿತವಾಯಿತು.

ಆದರೂ ಅವನು ಬರದ ದಿನ ಕಣ್ಣು ಬಾಗಿಲ ಕಡೆಗೇ... ಛೆ, ನನಗೇನಾಗಿದೆ!

ಫಲಿತಾಂಶ ಬಂತು. ಪಾಸು ಫೇಲುಗಳ ಅಂಚಿನಲ್ಲಿ ನಿಂತ ಒಂದು ‘ಡಿ’. ಮಾರ್ಲಾ ಅಳಲಿಲ್ಲ. ಹೆಸರು ತೆಗೆಸಿ ಊರಿಗೆ ಹೋಗುವುದೆಂದು ತೀರ್ಮಾನಿಸಿ ಕಚೇರಿಗೆ ಹೊರಟಳು.

ಮೆಟ್ಟಿಲ ಮೇಲೆ ಎಮೆಟ್ ಎದುರಾದ. ಎಲ್ಲಿಗೆಂದು ಕೇಳಿದ. ಹೇಳಿದಳು.

"ಯಾಕೆ ಮಾರ್ಲಾ?"

"ನಿಮ್ಮ ಕೆಲ್ಸ ಸುಲಭ ಆಯ್ತಲ್ಲ ಸರ್. ಬರ್ಕೊಳ್ಳಿ, ಕೆಂಟಕಿ ಹುಡುಗಿ ಲಾಯಕ್ಕಿಲ್ಲ ಅಂತ."

"ನಾನೇನು ಬರ್ಕೊಳ್ಲಿ? ಯಾರಿಗೆ?"

"ಆಡಿಟ್‌ನವರು ತಾನೇ ನೀವು?"

ಅವನಿಗೆ ನಗು ಗಂಟಲವರೆಗೂ ಬಂತು. ಅವಳ ತುಂಬಿದ ಕಣ್ಣು ನೋಡಿ ಅಲ್ಲೇ ನುಂಗಿಕೊಂಡು, ಮೆಟ್ಟಿಲ ಮೇಲೆ ಕೂತ.

ಕಾಲೇಜಿನಲ್ಲಿ ಆಡಿಟ್ ಎಂದರೆ ತರಗತಿಯಲ್ಲಿ ಸುಮ್ಮನೆ ಕೂತು ಪಾಠ ಕೇಳುವುದು, ಅಷ್ಟೆ. ಪರೀಕ್ಷೆಯಿಲ್ಲ, ಅಂಕವಿಲ್ಲ. ತಾನು ಸಂಗೀತ ಓದುವವನು, ಕಲ್ಲುಗಳೆಂದರೆ ಆಸೆ, ಅದಕ್ಕೇ ಬಂದೆ ಎಂದು ಅವನು ನಿಧಾನವಾಗಿ ಹೇಳಿದ.

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಎಲ್ರಿಗೂ ಗೊತ್ತು. ನನಗೊಬ್ಬಳಿಗೇ..."

"ನನಗೆಲ್ಲಿ ಗೊತ್ತಿತ್ತು? ಮೊದಲ್ನೇ ವರ್ಷ ಪೂರ್ತಿ, ಆಫೀಸ್ ಅವರ್ಸ್ ಅಂದ್ರೆ ಮೇಷ್ಟ್ರಿಗೆ ಕೆಲಸ ಇರೋ ಹೊತ್ತು, ಬಾಗಿಲು ತಟ್ಟಬಾರ್ದು ಅಂದ್ಕೊಂಡಿದ್ದೆ."

ಮಾರ್ಲಾ ಅವನ ಪಕ್ಕ ಕೂತಳು. "ಹಾಗಲ್ವಾ?"

"ಅಲ್ಲ ಕಣೇ. ನಮಗೋಸ್ಕರಾನೇ ಬಾಗಿಲು ತೆಗೆದು ಕೂತಿರೋ ಹೊತ್ತು ಅದು. ಹಾಲ್ಡೇನ್ ಮೇಡಂ ಈಗ್ಲೂ ಕೂತಿರ್ತಾರೆ."

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. "ಅಂಕ ಇಲ್ಲ, ಏನಿಲ್ಲ. ಈ ಚಳೀಲಿ ಬೆಳಗ್ಗೆ ಎಂಟಕ್ಕೆ ಯಾಕೆ ಬರ್ತೀಯ?"

"ಮೊದಲ್ನೇ ದಿನ ಕಲ್ಲಿಗೋಸ್ಕರ ಬಂದೆ."

"ಆಮೇಲೆ?"

"ಆಮೇಲೆ ನೀನು ಹಿಂದಿನ ಸಾಲಿಗೆ ಹೋದೆ. ತಿರುಗಿ ತಿರುಗಿ ನೋಡಿ ಕುತ್ತಿಗೆ ನೋವು ಬಂತು." ಅವನ ದನಿ ತಗ್ಗಿತು. "ಹೋಗ್ಬೇಡ ಮಾರ್ಲಾ."

ಅವಳು ಎದ್ದಳು. ಕಚೇರಿಯ ಕಡೆಗಲ್ಲ, ಪ್ರೊಫೆಸರ್ ಕೋಣೆಯ ಕಡೆಗೆ ನಡೆದಳು.

ಬಾಗಿಲು ನಿಜವಾಗಿಯೂ ತೆರೆದಿತ್ತು. ಒಬ್ಬರೂ ಬರುವುದಿಲ್ಲವಲ್ಲ ಎಂದು ಬೇಸರದಲ್ಲಿದ್ದ ಹಾಲ್ಡೇನ್ ಅವಳನ್ನು ಕೂರಿಸಿ, ಉತ್ತರಗಳನ್ನು ಒಂದೊಂದಾಗಿ ನೋಡಿದರು. ನೀನು ಹೆಸರುಗಳನ್ನು ಬಾಯಿಪಾಠ ಮಾಡಿದ್ದೀಯ, ಕಲ್ಲನ್ನು ನೋಡಿಯೇ ಇಲ್ಲ ಎಂದರು. ಪ್ರತಿ ವಾರ ಬಾ, ಮುಂದಿನ ಪರೀಕ್ಷೆಯಲ್ಲಿ ಸರಿಮಾಡಿಕೊಳ್ಳಬಹುದು ಎಂದರು.

ಹೊರಗೆ ಬಂದಾಗ ಎಮೆಟ್ ಗೋಡೆಗೊರಗಿ ಉಗುರು ಕಚ್ಚುತ್ತಿದ್ದ.

"ನಾನು ಹೋಗಲ್ಲ," ಎಂದಳು. "ನಿನಗೋಸ್ಕರ ಅಲ್ಲ ಮತ್ತೆ."

"ಗೊತ್ತು."

ನಾಲ್ಕು ಹೆಜ್ಜೆ ನಡೆದ ಮೇಲೆ ಅವಳ ಕೈ ಅವನ ಕೈಯೊಳಗೆ ಸೇರಿತು.

"ಸ್ವಲ್ಪ ನಿನಗೋಸ್ಕರ."

"ಅಷ್ಟು ಸಾಕು," ಎಂದ ಅವನು, ಕೈ ಬಿಡದೆ.