ಹೊಸಿಲಿಲ್ಲದ ಜಾಗ

ಮದುವೆಯಾದ ಮೇಲೆ ನನ್ನ ಗಂಡ ಮೊದಲ ಸಲ ನನ್ನನ್ನು ನೋಡಲು ಕಿರಂಗೂರಿಗೆ ಬಂದಾಗ, ನಮ್ಮಮ್ಮ ಪೊರಕೆ ಅಡ್ಡ ಹಿಡಿದು ತಡೆದರು.

"ಅಲ್ಲೇ ನಿಂತ್ಕಳಿ ಅಳಿಯಂದ್ರೇ! ಒಳಿಕ್ ಕಾಲಿಟ್ಟೀರಿ!"

ಅಮ್ಮ ಆಗ ಅಂಗಳ ಗುಡಿಸುತ್ತಿದ್ದರು, ಅದಕ್ಕೇ ಕೈಯಲ್ಲಿ ಪೊರಕೆ. ಇನ್ನೇನೂ ದ್ವೇಷವಿರಲಿಲ್ಲ. ಆಷಾಢ ಮಾಸ ಅಷ್ಟೇ. ಹೊಸದಾಗಿ ಮದುವೆಯಾದವರಿಗೆ ನಮ್ಮ ಕಡೆ ಆಷಾಢವೆಂದರೆ ಗೊತ್ತಲ್ಲ, ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದು, ಮುಖ ಕೂಡ ನೋಡಬಾರದು. ಅಳಿಯ ಅತ್ತೆ ಮನೆಯ ಹೊಸಿಲು ತುಳಿಯಬಾರದು. ಅದಕ್ಕೇ ನಾನು ತೊಣ್ಣೂರಿನ ಗಂಡನ ಮನೆಯಿಂದ ಟ್ರಂಕು ಹೊತ್ತು ತವರಿಗೆ ಬಂದಿದ್ದೆ.

ಇವರು ಹೊಂಗೆ ಮರದ ಕೆಳಗೆ ಟಿವಿಎಸ್ ನಿಲ್ಲಿಸಿ, ಸೀಟಿನ ಮೇಲಿಲ್ಲದ ಧೂಳನ್ನು ಒರೆಸತೊಡಗಿದರು. ನಾನು ಕಿಟಕಿಯಿಂದ ನೋಡಿದೆ. ಅವರೂ ನೋಡಿದರು. ನಾನು ಬಿಂಕದಿಂದ ಸರಿದುಕೊಂಡು, ಮೆಲ್ಲಗೆ ಪಕ್ಕದ ಕೋಣೆಯ ಕಿಟಕಿಗೆ ಹೋದೆ. ಅವರ ಕಣ್ಣು ಆಗಲೇ ಅಲ್ಲಿಗೆ ಬಂದು ಕಾಯುತ್ತಿತ್ತು.

"ಏನ್ ಬಂದ್ರಿ?" ಎಂದೆ.

"ಚಪ್ಲಿ ಬುಟ್ಟೋಗಿದ್ದಲ್ಲ. ಕೊಟ್ಟೋಗವ ಅಂತ."

ಒಂದು ಜೊತೆ ಹಳೇ ಚಪ್ಪಲಿಗೆ ತೊಣ್ಣೂರಿನಿಂದ ಕಿರಂಗೂರು! ನಗು ಬಂತು. ಆದರೆ ನಾನು ಕೋಪದಲ್ಲಿದ್ದೆ, ನಗುವ ಹಾಗಿರಲಿಲ್ಲ.

ಕೋಪಕ್ಕೆ ಕಾರಣವಿತ್ತು. ಹೆಣ್ಣು ನೋಡಲು ಬಂದ ದಿನ ಈ ಮಹರಾಯರು ತಲೆಯನ್ನೇ ಎತ್ತಿರಲಿಲ್ಲ. ಉಪ್ಪಿಟ್ಟಿನ ತಟ್ಟೆಗೇ ತಾಳಿ ಕಟ್ಟಲು ಬಂದವರ ಹಾಗೆ ಅದನ್ನೇ ನೋಡುತ್ತಾ ಕೂತಿದ್ದರು. ಮದುವೆಯಾಯಿತು. ತೊಣ್ಣೂರಿನ ಮನೆ ತುಂಬಾ ನೆಂಟರು. ಒಂದು ಸಂಜೆ ಹಿತ್ತಲಲ್ಲಿ ಇವರೊಬ್ಬರೇ ಸಿಕ್ಕಾಗ ಧೈರ್ಯ ಮಾಡಿ ಕೇಳಿದೆ, "ನಾನು ಇಷ್ಟ ಆಗಿ ಮದ್ವೆ ಆದ್ರಾ, ಮನೇವ್ರು ಹೇಳಿದ್ರು ಅಂತ ಆದ್ರಾ?" ಇವರ ಕಿವಿ ಕೆಂಪಾಯಿತು. "ಎಮ್ಮೆಗೆ ಹುಲ್ಲಾಕ್ಬೇಕು" ಎಂದು ಹೊರಟೇಹೋದರು.

ತವರಿಗೆ ಹೊರಟ ದಿನ ಬಸ್ಸಿನ ಕಿಟಕಿಯಿಂದ ಹೇಳಿಬಿಟ್ಟೆ: "ಶ್ರಾವಣದಲ್ಲಿ ಕರ್ಯಕ್ ಬರೋದ್ರೊಳಗೆ ನನ್ ಪ್ರಶ್ನೆಗೆ ಉತ್ತರ ಬೇಕು. ಇಲ್ದಿದ್ರೆ ನಾನ್ ಬರಕಿಲ್ಲ." ಸುಮ್ಮನೆ ಹೆದರಿಸಲು ಅಂದದ್ದಲ್ಲ. ನನ್ನನ್ನು ಬಯಸದವರ ಮನೆಯಲ್ಲಿ ಜೀವನವೆಲ್ಲಾ ಮುದ್ದೆ ತೊಳಸಲು ನನ್ನಿಂದ ಆಗುವುದಿಲ್ಲ.

ಈಗ ಉತ್ತರದ ಬದಲು ಚಪ್ಪಲಿ ಬಂದಿತ್ತು.

ಜಗಲಿಯಲ್ಲಿ ಕೂತಿದ್ದ ನಮ್ಮಪ್ಪ ಬೋರಯ್ಯ ಅಮ್ಮನಿಗೆ ಹೇಳಿದರು, "ಯಶೋದಾ, ಒಸ್ಲು ತುಳೀಬಾರ್ದು ಅಂತ ತಾನೇ ಶಾಸ್ತ್ರ ಇರದು? ಬೆಟ್ಟ ತುಳೀಬಾರ್ದು ಅಂತ ಇಲ್ವಲ್ಲ. ಓಗ್ಬರ್ಲಿ ಬುಡು, ಒತ್ ಮುಳುಗದ್ರೊಳಗೆ."

ಅಪ್ಪನ ಬಾಯಿಗೆ ಸಕ್ಕರೆ ಹಾಕಬೇಕು. ನಾನು ಅದೇ ಚಪ್ಪಲಿ ಮೆಟ್ಟಿಕೊಂಡು ಟಿವಿಎಸ್ ಹತ್ತಿದೆ.

ಪಾಂಡವಪುರದ ಕುಂತಿಬೆಟ್ಟದ ಬುಡಕ್ಕೆ ಬಂದಾಗ ನನ್ನ ಬಿಂಕವೆಲ್ಲ ಇಳಿಯಿತು. ನಾನು ಕಾಲುವೆ ಬಯಲಿನಲ್ಲಿ ಬೆಳೆದವಳು. ಕಾಲುವೆ ಏರಿ ಬಿಟ್ಟರೆ ಇನ್ನೊಂದು ಏರು ಕಂಡವಳಲ್ಲ. ಅಲ್ಲಿ ನೋಡಿದರೆ ಬಂಡೆಯ ಮೇಲೆ ಬಂಡೆ.

"ಎಸ್ರು ಶೈಲಜ, ಬೆಟ್ಟದ್ ಮಗ್ಳು. ಬೆಟ್ಟ ಅತ್ತಕ್ ಮಾತ್ರ ಆಗಕಿಲ್ವಾ?" ಇವರು ಮೇಲಿನ ಬಂಡೆಯಿಂದ ಬಗ್ಗಿ ಕೇಳಿದರು.

"ಆಗತ್ತೆ. ನೀವ್ ಮುಂದೆ ನಡೀರಿ ಸುಮ್ನೆ."

ಮುಂದೆ ನಡೆಯಲಿಲ್ಲ. ಕೈ ಚಾಚಿದರು. ನಾನು ಆ ಕೈಯನ್ನು ಒಂದು ಗಳಿಗೆ ನೋಡಿ, ದೊಡ್ಡ ಉಪಕಾರ ಮಾಡುವವಳಂತೆ ಹಿಡಿದುಕೊಂಡೆ. ಬಂಡೆ ಹತ್ತಿ ಆಯಿತು. ಅವರು ಕೈ ಬಿಡಲಿಲ್ಲ. ನಾನೂ ನೆನಪಿಸಲು ಹೋಗಲಿಲ್ಲ.

ಮೇಲೆ ಗಾಳಿಯೋ ಗಾಳಿ. ಸೆರಗು ನಿಲ್ಲದು, ಜಡೆ ನಿಲ್ಲದು. ಕೆಳಗೆ ಕಬ್ಬಿನ ಗದ್ದೆಗಳು, ಸಕ್ಕರೆ ಫ್ಯಾಕ್ಟರಿಯ ಚಿಮಣಿ, ದೂರದಲ್ಲಿ ಗುಡ್ಡಗಳ ನಡುವೆ ತೊಣ್ಣೂರು ಕೆರೆ ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಇವರು ನನ್ನ ಮುಖದ ಮೇಲೆ ಹಾರುತ್ತಿದ್ದ ಕೂದಲನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು.

"ಶೈಲಾ."

"ಹೂಂ?"

"ಒಂದ್ ಮಾತ್ ಹೇಳ್ಬೇಕಾಗಿತ್ತು."

ನಾನು ಹಾರುವ ಜಡೆಯನ್ನು ಒಂದು ಕೈಯಲ್ಲಿ ಹಿಡಿದು ಕಿವಿಗೊಟ್ಟೆ. "ಹೇಳಿ."

"ಈ ಸಲ ಕಬ್ಬು ಚೆನ್ನಾಗ್ ಬಂದದೆ."

ಅಲ್ಲಿಂದ ತಳ್ಳಿಬಿಡುವಷ್ಟು ಸಿಟ್ಟು ಬಂತು. ತಳ್ಳಲಿಲ್ಲ, ಯಾಕೆಂದರೆ ಕೈ ಇನ್ನೂ ಅವರ ಕೈಯಲ್ಲೇ ಇತ್ತು.

ಆಮೇಲೆ ಇವರಿಗೆ ನೆಪಗಳ ಕೊರತೆ ಆಗಲಿಲ್ಲ. ಒಂದು ಸಲ ಹಲಸಿನ ಹಣ್ಣು, ಒಂದು ಸಲ ನನ್ನದೇ ಅಲ್ಲದ ಹೇರ್‌ಪಿನ್. ಬಂದು ಹೊಂಗೆ ಮರದಡಿ ಹಾರನ್ ಹೊಡೆಯುವುದು, ಅಮ್ಮ ಹೊಸಿಲಿನ ಒಳಗಿನಿಂದಲೇ ಕಾಫಿ ಲೋಟವನ್ನು ಅಪ್ಪನ ಕೈಯಲ್ಲಿ ಕಳಿಸುವುದು, ನಾವು ಹೊರಡುವುದು. ಕರಿಘಟ್ಟದ ಮೆಟ್ಟಿಲು ಹತ್ತಿದೆವು. ಹೇಮಗಿರಿಯಲ್ಲಿ ನೀರು ಧುಮುಕುವ ಕಡೆ ಕಾಲು ಇಳಿಬಿಟ್ಟು ಕಡಲೆಕಾಯಿ ತಿಂದೆವು. ನಮ್ಮೂರ ಕಾಲುವೆಯಲ್ಲಿ ಇವರು ನನ್ನ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಈಜು ಕಲಿಸಿದರು. ನೀರು ಕುಡಿದು ಕೆಮ್ಮಿದಾಗ ಬುರುಡೆಯ ಸಮೇತ ನನ್ನನ್ನು ಎತ್ತಿ ಏರಿಯ ಮೇಲೆ ಕೂರಿಸಿಬಿಟ್ಟರು. ನನಗಿಂತ ಹೆಚ್ಚು ಹೆದರಿದವರು ಅವರೇ.

ಆ ಹೆದರಿಕೆ ನೋಡಿದ ದಿನವೇ ನನಗೆ ಇವರು ಇಷ್ಟವಾಗಿಬಿಟ್ಟರು. ತಾಪತ್ರಯ ಶುರುವಾದದ್ದು ಅಲ್ಲಿಂದ. ಮೊದಲು ಉತ್ತರ ಬರದಿದ್ದರೆ ಸಿಟ್ಟು ಬರುತ್ತಿತ್ತು, ಈಗ ಅಳು ಬರುತ್ತಿತ್ತು. ಆಷಾಢ ಕರಗುತ್ತಿತ್ತು. ಈ ಮನುಷ್ಯ ಬಾಯಿ ಬಿಡದೇ ಹೋದರೆ ನಾನು ಆಡಿದ ಮಾತಿಗೆ ನಾನೇ ಸಿಕ್ಕಿಹಾಕಿಕೊಳ್ಳುತ್ತಿದ್ದೆ.

ಭೀಮನ ಅಮಾವಾಸ್ಯೆಗೆ ಸ್ವಲ್ಪ ದಿನ ಉಳಿದಿರುವಾಗ ಇವರು, "ಇವತ್ತು ನಮ್ ಕೆರೆ ತೋರಿಸ್ತೀನಿ ಬಾ" ಎಂದರು.

"ತೊಣ್ಣೂರ್ಗಾ? ಅತ್ತೆ ನೋಡ್ಬುಟ್ರೆ?"

"ಆಚೆ ದಡಕ್ ಓಗನ. ಬೆಟ್ಟದ್ ಮಗ್ಲಿಗೆ. ಅಮ್ಮ ಆ ಕಡೀಕ್ ಬರಕಿಲ್ಲ."

ಮೀನು ಹಿಡಿಯುವ ಸೋಮಯ್ಯನ ಹರಿಗೋಲನ್ನು ಮೊದಲೇ ಕೇಳಿ ಇಟ್ಟುಕೊಂಡಿದ್ದರು. ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲು ಕಾಣುತ್ತಿತ್ತು. ನಾನು ಚಪ್ಪಲಿ ಬಿಚ್ಚಿ ಬುಟ್ಟಿಯಂಥ ಆ ದೋಣಿಯಲ್ಲಿ ಕೂತೆ. ಇವರು ಹುಟ್ಟು ಹಾಕತೊಡಗಿದರು. ನಡುನೀರಿಗೆ ಬಂದಾಗ ಹುಟ್ಟನ್ನು ಎತ್ತಿ ಹಿಡಿದು, ಎದ್ದು ನಿಂತರು.

"ಶೈಲಾ, ಇವತ್ತು ಹೇಳೇಬುಡ್ತೀನಿ."

"ಕಬ್ಬಿನ್ ವಿಷ್ಯ ಆದ್ರೆ ಬ್ಯಾಡ."

"ಕಬ್ಬಲ್ಲ ಕಣೇ. ಅವತ್ತು ಇತ್ಲಲ್ಲಿ ನೀನ್ ಕೇಳ್ದಲ್ಲ..."

ಆಷಾಢದ ಗಾಳಿಗೆ ಅಷ್ಟೂ ತಾಳ್ಮೆಯಿಲ್ಲ. ಬೆಟ್ಟದ ಸಂದಿನಿಂದ ಭರ್ರೆಂದು ಬೀಸಿತು. ಹರಿಗೋಲು ಗಿರ್ರನೆ ತಿರುಗಿತು. ಇವರು ಧೊಪ್ಪನೆ ಕೂತರು, ಹುಟ್ಟು ನೀರಿಗೆ ಬಿತ್ತು. ನಾವಿಬ್ಬರೂ ಕೈಯಿಂದ ನೀರು ತೋಡಿದೆವು, ನಕ್ಕೆವು, ಮತ್ತೆ ತೋಡಿದೆವು. ಗಾಳಿ ಮಾತ್ರ ಹರಿಗೋಲನ್ನು ನೇರವಾಗಿ ಊರಿನ ದಡಕ್ಕೆ ತಳ್ಳಿಕೊಂಡು ಹೋಯಿತು. ಅಲ್ಲಿ ಮೊಣಕಾಲು ನೀರಿನಲ್ಲಿ ನಿಂತು, ಹುಲ್ಲಿನ ಸಿಂಬಿಯಿಂದ ಎಮ್ಮೆಯ ಮೈ ಉಜ್ಜುತ್ತಿದ್ದವರು ನಮ್ಮತ್ತೆ ಪುಟ್ಟಗೌರಮ್ಮ.

"ಅಯ್ಯೋ ಶಿವನೇ!" ಎಂದವರೇ ಅತ್ತೆ ಮುಖದ ಮೇಲೆ ಸೆರಗೆಳೆದು ನಮಗೆ ಬೆನ್ನು ಹಾಕಿ ನಿಂತರು. ನಾನೂ ತಟ್ಟನೆ ಬೆಟ್ಟದ ಕಡೆ ತಿರುಗಿ ಕೂತೆ. ಇವರು ನೀರಿಗಿಳಿದು ಹರಿಗೋಲು ಹಿಡಿದುಕೊಂಡು ನಡುವೆ ನಿಂತರು.

ಆಮೇಲೆ ಅತ್ತೆ ಎಮ್ಮೆಯನ್ನು ಮಾತಾಡಿಸಿದರು.

"ನೋಡೇ ಕಾಳಿ, ನಿನ್ ಯಜಮಾನಂಗೆ ಬುದ್ಧಿ ಅದಾ? ಇಂತಾ ಗಾಳೀಲಿ ಎಣ್ಮಗೀನ ನೀರಿಗ್ ಇಳ್ಸವ್ನೆ."

"ಅಂಗಲ್ಲ ಕಣವ್ವ..."

"ಲೇ ರಘು, ನಾನ್ ಎಮ್ಮೆ ಕುಟ್ಟೆ ಮಾತಾಡ್ತಾವ್ನಿ. ನೀನ್ ಮಧ್ಯ ಬಾಯಾಕ್ಬ್ಯಾಡ."

ನನಗೆ ನಗು ತಡೆಯಲಾಗಲಿಲ್ಲ. ಅದರ ಜೊತೆಗೇ ಎಲ್ಲಿತ್ತೋ ಧೈರ್ಯ, ಬೆಟ್ಟ ನೋಡುತ್ತಲೇ ಹೇಳಿದೆ, "ಕಾಳೀ, ಅತ್ತೆಗೆ ಹೇಳು, ಅವ್ರ ಮಗ ನನ್ನ ಇಷ್ಟಪಟ್ಟು ಕಟ್ಕಂಡ್ರೋ ಇಲ್ವೋ ಅಂತ ಇನ್ನೂ ಹೇಳಿಲ್ಲ. ಹೇಳ್ದೆ ಇದ್ರೆ ಶ್ರಾವಣಕ್ಕೂ ನಾನ್ ಬರಕಿಲ್ಲ ಅಂತ."

ಕಾಳಿ ಕಿವಿ ಕೊಡವಿತು. ಅತ್ತೆ ಗಹಗಹಿಸಿ ನಕ್ಕುಬಿಟ್ಟರು.

"ಅಯ್ಯೋ, ಇವ್ನ ಮಕ ಮುಚ್ಚ! ಕಾಳಿ, ಆ ಮಗೀಗ್ ಏಳು. ಕೆ.ಆರ್. ಪೇಟೆ ಎಣ್ಣ ನಾನ್ ಗೊತ್ ಮಾಡಿದ್ದೆ. ಕಿರಂಗೂರ್ ಹುಡ್ಗಿ ಆದ್ರೆ ಸರಿ, ಇಲ್ದಿದ್ರೆ ಮದ್ವೇನೇ ಬ್ಯಾಡ ಅಂತ ಇವ್ನು ಮುದ್ದೆ ಮುಟ್ದೆ ಕುಂತಿದ್ದ ಅಂತ ಏಳು."

ನಾನು ಇವರ ಕಡೆ ತಿರುಗಿದೆ. ಸೊಂಟದವರೆಗೆ ನೀರು, ತಲೆಯಿಂದ ತೊಟ್ಟಿಕ್ಕುವ ನೀರು, ಕೆಂಪಗಾದ ಅದೇ ಕಿವಿ.

"ಎಮ್ಮೆ ಸಾಕ್ಷಿ ನಂಗ್ ಸಾಲ್ದು," ಎಂದೆ. "ನೀವೇ ಹೇಳಿ."

ಇವರು ತಲೆ ಎತ್ತಿದರು. ಹೆಣ್ಣು ನೋಡುವ ದಿನ ನೋಡಬೇಕಾಗಿದ್ದ ನೋಟವನ್ನೆಲ್ಲ ಕೂಡಿಟ್ಟುಕೊಂಡವರ ಹಾಗೆ ನನ್ನನ್ನು ನೋಡಿದರು.

"ಪಟ್ಣದ್ ಬಸ್‌ಸ್ಟ್ಯಾಂಡಲ್ಲಿ ಕೋಳಿ ಬುಟ್ಟಿ ಇಟ್ಕಂಡಿದ್ ಅಜ್ಜಿ ಒಬ್ರನ್ನ ಬಸ್ಸು ಬುಟ್ ಒಂಟೋಗ್ತಿತ್ತು. ನೀನು ಫುಟ್‌ಬೋರ್ಡ್ ಮೇಲ್ ನಿಂತ್ಕಂಡು, ಅಜ್ಜಿ ಬಸ್ ಅತ್ತೋಗಂಟ ನಾನ್ ಇಳ್ಯಕಿಲ್ಲ, ಒಳಿಕೂ ಬರಕಿಲ್ಲ ಅಂದೆ. ನಾನ್ ಇಂದ್ಗಡೆ ಸೀಟಲ್ಲಿದ್ದೆ. ನೀನ್ ಕಿರಂಗೂರಲ್ಲಿ ಇಳ್ದಿದ್ ನೋಡ್ಕಂಡೆ. ಅವತ್ತೇ ಅನ್ಕಂಡೆ, ಮದ್ವೆ ಅಂತ ಆದ್ರೆ ಇವ್ಳನ್ನೇ ಅಂತ."

"ಮತ್ತೆ ನೋಡಕ್ ಬಂದಾಗ ತಲೇನೇ ಎತ್ಲಿಲ್ಲ?"

"ಎತ್ತಿದ್ರೆ ನಗು ಬಂದ್ಬುಡ್ತಿತ್ತು. ಗಂಡು ಅಲ್ ಕಿರೀತಾನೆ ಅಂತ ನಿಮ್ಮಪ್ಪ ಬ್ಯಾಡ ಅಂದ್ಬುಟ್ಟಿದ್ರೆ?" ಆಮೇಲೆ ದನಿ ತಗ್ಗಿಸಿ, "ನೀನಂದ್ರೆ ನಂಗ್ ಪ್ರಾಣ ಕಣೇ. ಬಾಯಿಗ್ ಬರದು ಮಾತ್ರ ಕಬ್ಬೇಯ" ಎಂದರು.

ನನ್ನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಳ್ಳೋಣವೆಂದರೆ ಸೆರಗೂ ಒದ್ದೆ. ಅತ್ತೆ ತಿರುಗಿ ನೋಡದೆಯೇ ಹೆಗಲ ಮೇಲಿನ ಒಣ ಟವೆಲನ್ನು ಹಿಂದಕ್ಕೆ ಎಸೆದರು. ಅದು ಸರಿಯಾಗಿ ನನ್ನ ಮಡಿಲಿಗೇ ಬಿತ್ತು.

"ಕಾಳೀ," ಎಂದೆ, "ಶ್ರಾವಣ ಹುಟ್ಟಿದ ದಿನಾನೇ ಬರ್ತೀನಿ ಅಂತ ಹೇಳು."

ಬಂದೆ. ಅತ್ತೆ ಆರತಿ ಎತ್ತಿ, ಇಷ್ಟು ದಿನ ನೋಡದ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದರು. ನಾನು ಬಲಗಾಲಿಟ್ಟು ಹೊಸಿಲು ದಾಟಿದೆ. ಒಳಗೆ ಎಲ್ಲರೂ ಇದ್ದರು, ಇವರೊಬ್ಬರು ಇರಲಿಲ್ಲ.

ಹೊರಗಿನಿಂದ ದನಿ ಬಂತು. "ಶೈಲಾ! ಗಾಳಿ ನಿಂತದೆ. ಬತ್ತೀಯಾ?"

ನೋಡಿದರೆ ಅಂಗಳದಲ್ಲಿ ಹೊಸ ಹುಟ್ಟನ್ನು ಹೆಗಲ ಮೇಲಿಟ್ಟುಕೊಂಡು ನಿಂತಿದ್ದಾರೆ, ಹಲ್ಲೆಲ್ಲಾ ಕಾಣುವಂತೆ ನಗುತ್ತಾ. ನಾನು ಅತ್ತೆಯ ಮುಖ ನೋಡಿದೆ, ಇವರ ಮುಖ ನೋಡಿದೆ. ಕೊಟ್ಟ ನೀರನ್ನೂ ಕುಡಿಯದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಓಡಿದೆ.

ಹಿಂದಿನಿಂದ ಅತ್ತೆ ಕೊಟ್ಟಿಗೆಯ ಕಡೆ ತಿರುಗಿ ಹೇಳುತ್ತಿದ್ದದ್ದು ಕೇಳಿಸಿತು.

"ನೋಡೇ ಕಾಳಿ! ಈಗ ಒಳಿಕ್ ಬಂದೋಳು ಆಗ್ಲೇ ಒರಿಕ್ ಓದ್ಲು!"